ಎರಡನೇ ಟ್ರೇಲರು

ಸವಿತಾ ಅವತ್ತು ಓಡಲಿಲ್ಲ. ನಾನೇ ಕೈ ಬೀಸಿ ಕರೆದೆ. ಇಷ್ಟು ಸಣ್ಣ ಮಾತು ಹೇಳುವುದಕ್ಕೆ ನನಗೆ ಎಷ್ಟು ವರ್ಷ ಬೇಕಾಯಿತು—

ನಾನು ಬಸ್ಸಿನ ಡ್ರೈವರಾಗಿದ್ದವನು. ಕಣ್ಣಿಗೆ ಪೊರೆ ಬಂದ ಮೇಲೆ ಮನೆಯಲ್ಲಿ ಕೂತೆ, ಯಾರಿಗೂ ಬೇಡವಾದವನ ಹಾಗೆ. ಆಗ ಪಾಂಡವಪುರದ ಒಂದು ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸಲು ಒಬ್ಬರು ಬೇಕಾಗಿದ್ದರು. ಕಣ್ಣು, ಕಿವಿ ನೆಟ್ಟಗಿರುವವರೇ ಆಗಬೇಕೆಂದು ಹೆಡ್‌ಮೇಷ್ಟ್ರು ಡಾಕ್ಟರನ್ನು ಕರೆಸಿದರು. ಡಾಕ್ಟರು ಅಕ್ಷರದ ಪಟ ತರುವುದನ್ನು ಮರೆತಿದ್ದರು. ಜಗುಲಿಯ ಮೇಲೆ ನಿಂತು, ದೂರದಲ್ಲಿ ಬರುತ್ತಿದ್ದ ಬಸ್ಸು ತೋರಿಸಿ, ಬೋರ್ಡು ಓದಿ ಅಂದರು. ನನಗೆ ಕಂಡದ್ದು ಬರೀ ಕೆಂಪು ಮುದ್ದೆ. ಆದರೆ ಹಾರನ್ನು ಕೇಳಿಸಿತಲ್ಲ—ಆ ಬಸ್ಸುಗಳ ಜೊತೆಯಲ್ಲೇ ಬದುಕಿದವನು ನಾನು, ಯಾವ ಊರಿನ ಬಸ್ಸಿಗೆ ಯಾವ ಹಾರನ್ನೆಂದು ಗೊತ್ತಿತ್ತು. ‘ನಾಗಮಂಗಲ’ ಅಂದೆ. ಮುಂದಿನದಕ್ಕೆ ‘ಕೆ.ಆರ್. ಪೇಟೆ’ ಅಂದೆ. ಪಾಸಾದೆ, ಕೈಗೊಂದು ಬಾವುಟ ಬಂತು. ಡಾಕ್ಟರಿಗೇ ಟೋಪಿ ಹಾಕಿದೆನೆಂದು ಒಳಗೊಳಗೇ ನಕ್ಕೆ ಕೂಡ.

ಮಕ್ಕಳು ‘ಬಾವುಟದ ತಾತ’ ಅನ್ನುತ್ತಿದ್ದರು. ಆ ಹೆಸರು ನನಗೆ ಎಷ್ಟು ಇಷ್ಟವಾಗಿತ್ತೆಂದರೆ—ಬಿಡಿ. ನಾನು ಕಿವಿಯಿಂದಲೇ ರಸ್ತೆ ನೋಡುತ್ತಿದ್ದೆ. ಆದರೆ ನಮ್ಮ ಕಡೆ ಕಬ್ಬಿನ ಟ್ರಾಕ್ಟರಿಗೆ ಎರಡು ಟ್ರೇಲರು ಕಟ್ಟುತ್ತಾರೆ. ಅವತ್ತು ಎಂಜಿನ್ನಿನ ಸದ್ದು ಮುಂದೆ ಹೋಯಿತು, ಮಸುಕಾಗಿ ಕಂಡ ಒಂದು ಟ್ರೇಲರೂ ಹೋಯಿತು. ‘ಬನ್ನಿ’ ಎಂದು ಕೈ ಬೀಸಿದೆ. ಎಲ್ಲರಿಗಿಂತ ಮುಂದಿದ್ದವಳು ಏಳನೇ ಕ್ಲಾಸಿನ ಸವಿತಾ. ಎರಡನೇ ಟ್ರೇಲರಿನ ಕಬ್ಬಿನ ಗರಿ ಕೆನ್ನೆಗೆ ತಾಗಿದ್ದೇ ಹಿಂದಕ್ಕೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಅಷ್ಟಕ್ಕೇ ಮುಗಿಯಿತಲ್ಲ ಎಂದು ಇವತ್ತಿಗೂ ಕೈ ಮುಗಿಯುತ್ತೇನೆ. ಹೆಡ್‌ಮೇಷ್ಟ್ರು ಓಡಿ ಬಂದರು. ನಾನು ಅವರಿಗೆ ಹೇಳಿದ್ದು—

‘ನಾನು ಕೈ ತೋರ್ಸೋಕ್ ಮುಂಚೇನೇ ಓಡ್ಬುಟ್ಲು ಸಾ.’

ಅವಳು ಇಲ್ಲವೆಂದಳು. ಸುಳ್ಳು ಬೇರೆ ಹೇಳುತ್ತೀಯಾ ಎಂದು ಮೇಷ್ಟ್ರು ಎಲ್ಲರೆದುರು ಹೊಡೆದರು, ಕ್ಲಾಸ್ ಲೀಡರ್ ಕೆಲಸದಿಂದಲೂ ತೆಗೆದರು. ನಾನು ಬಾವುಟ ಸುತ್ತುತ್ತಾ ನಿಂತಿದ್ದೆ. ಮಾರನೆಯ ದಿನ ಮಂಡಿನೋವೆಂದು ನೆಪ ಹೇಳಿ ಬಾವುಟ ವಾಪಸು ಕೊಟ್ಟೆ.

ಈಚೆಗೆ ಪೊರೆ ತೆಗೆಸಿದೆ. ಮೊನ್ನೆ ಸವಿತಾಳ ಹೊಲಿಗೆ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು, ‘ನಂಗೊತ್ತಿತ್ತು ಬುಡು ತಾತ. ಮೇಷ್ಟ್ರು ಮಾತ್ರ ಇವತ್ತಿಗೂ ನನ್ನ ಸುಳ್ಳಿ ಅಂದ್ಕಂಡವ್ರೆ’ ಅಂದಳು. ಎದೆ ಹಗುರಾಯಿತು, ನಿಜ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆದರೆ ಅವಳ ಆ ಕೊನೆಯ ಮಾತು—

ಮೇಷ್ಟ್ರು ಈಗ ಬೂಕನಕೆರೆಯಲ್ಲಿದ್ದಾರೆ. ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದೆ. ಹಾರನ್ನು ಕೇಳಿಯೇ ಯಾವ ಬಸ್ಸೆಂದು ಗೊತ್ತಾಯಿತು. ಆದರೂ ಅದು ಹತ್ತಿರ ಬರುವತನಕ ಕಾದು, ಬೋರ್ಡಿನ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡು, ಆಮೇಲೆ ಹತ್ತಿದೆ.