ಕಸೆ ಅಂಗಿಯ ಎಡತೋಳು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಆಟೋ, ಟ್ರ್ಯಾಕ್ಟರ್ ಸೀಟುಗಳಿಗೆ ಕುಶನ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಹೊಲಿದ ಸೀಟು ಹೊಲಿಗೆ ಬಿಚ್ಚಿಕೊಂಡು ವಾಪಸ್ ಬಂದದ್ದಿಲ್ಲ. ಜಂಬ ಅನ್ನೋರು ಅನ್ನಲಿ.

ಹೋದ ವರ್ಷ ಮಗಳ ಶಾಲೆಯಲ್ಲಿ ಮಕ್ಕಳಿಗೆ ಪಾಳೆಯಗಾರರ ಕಾಲದ ವೇಷ ಹಾಕಿಸಿ ಮೆರವಣಿಗೆ ಮಾಡುವುದೆಂದಾಯಿತು. ಆರನೇ ಕ್ಲಾಸಿನ ನನ್ನ ಮಗಳಿಗೆ ಕೋಟೆ ಕಾವಲುಗಾರನ ಪಾತ್ರ. ಮೊದಲ ಸಾಲಿನಲ್ಲಿ ಈಟಿ ಹಿಡಿದು ನಡೆಯಬೇಕು. ಆ ಸಾಲಿಗೆ ಆರಿಸಿದ ದಿನ ಅವಳು ಊಟ ಮಾಡುವಾಗಲೂ ಕೋಲು ಕೆಳಗಿಟ್ಟಿರಲಿಲ್ಲ. ವೇಷವನ್ನು ಚಿತ್ರದುರ್ಗದ ಅಂಗಡಿಯಿಂದ ಬಾಡಿಗೆಗೆ ತನ್ನಿ ಅಂತ ಫೋನಿಗೆ ಮೆಸೇಜು ಬಂತು, ಜೊತೆಗೊಂದು ಫೋಟೊ: ಮಿಂಚುವ ವೆಲ್ವೆಟ್ ಅಂಗಿ, ಅಂಚಿಗೆಲ್ಲ ಜರಿ.

ನಮ್ಮವ್ವ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ಇವನೇನು ಕಾವಲುಗಾರನೋ, ಮದುವೆ ಬ್ಯಾಂಡಿನೋನೋ?"

"ಹಳೇ ಕಾಲ್ದಾಗೆ ಹಿಂಗೇ ಹಾಕ್ಕೊಳ್ತಿದ್ರಂತೆ ಕಣಜ್ಜಿ, ಮಿಸ್ ಹೇಳಿದ್ರು."

"ನಮ್ಮಪ್ಪ ಯಾವ ಕಾಲ್ದೋನೇ? ಸಾಯೋ ತನಕ ಕಸೆ ಅಂಗೀನೇ ಹಾಕ್ದ. ನಮ್ಮವ್ವನೇ ಹೊಲೀತಿದ್ಲು, ಆಮೇಲೆ ನಾನು. ಗುಂಡಿ ಅನ್ನೋದನ್ನ ಮುಟ್ಲಿಲ್ಲ ಅವ್ನು."

ಕಸೆ ಅಂಗಿ ಅಂದರೆ ಗುಂಡಿ ಬದಲು ದಾರದಂಥ ಪಟ್ಟಿಗಳಿಂದ ಎದೆ ಮೇಲೆ ಗಂಟು ಹಾಕಿಕೊಳ್ಳುವ ಅಂಗಿ. ನಮ್ಮಜ್ಜ ಅದನ್ನು ಹಾಕಿಕೊಂಡೇ ಶ್ರೀರಾಂಪುರದ ಕಡೆ ಕುರಿ ಹಿಂದೆ ಅಲೆದವನು. ಮಗಳಿಗೂ ಅಂಥದ್ದೇ ಅಂಗಿ ಆಗಲಿ ಅಂತ ಅವ್ವ ಪೆಟ್ಟಿಗೆಯಿಂದ ಒಂದು ದಪ್ಪ ದುಪ್ಪಟಿ ತೆಗೆದಳು. ಕೈಮಗ್ಗದ್ದು, ಮನೆಯಲ್ಲಿ ಉಳಿದದ್ದು ಅದೊಂದೇ.

"ನನ್ನ ಮಿಷನ್ನಲ್ಲಿ ಅರ್ಧ ಗಂಟೆ ಕೆಲಸ ಕಣವ್ವ" ಅಂದೆ.

"ನಿನ್ನ ಮಿಷನ್ನು ನಿನ್ನ ಸೀಟಿಗಿರ್ಲಿ. ಕೂಸು ಕೈಯಾಗೆ ಹೊಲೀಲಿ."

ಅವ್ವನ ಹತ್ತಿರ ಟೇಪು ಇಲ್ಲ. ಗೇಣು, ಬೆರಳಲ್ಲೇ ಅಳತೆ. ಅದೂ ಅಂಗಿ ಹಾಕಿಕೊಳ್ಳುವವರ ಗೇಣಲ್ಲೇ ಅಳೆಯಬೇಕು. ಮೈ ಎಷ್ಟಿದೆಯೋ ಕೈಯೂ ಅದಕ್ಕೆ ತಕ್ಕಂತೆ ಇರುತ್ತದೆ ಅನ್ನೋದು ಅವಳ ಲೆಕ್ಕ. ಬೆನ್ನಿಗೆ ಇಷ್ಟು ಗೇಣು, ತೋಳಿಗೆ ಇಷ್ಟು ಅಂತ ಮಗಳಿಗೆ ಬಾಯಿಪಾಠ ಮಾಡಿಸಿದಳು.

ಭಾನುವಾರ ಅವ್ವ ಮೇಕೆಗೆ ಸೊಪ್ಪು ತರಲು ಹೋಗಿದ್ದಳು. ಮಗಳು ನೆಲದ ಮೇಲೆ ಬಟ್ಟೆ ಹರವಿಕೊಂಡು, ಕತ್ತರಿ ಆಡಿಸಲಾರದೆ ಒದ್ದಾಡುತ್ತಿದ್ದಳು. ನನ್ನ ಕೈ ಸುಮ್ಮನಿರಬೇಕಲ್ಲ. "ಕೊಡಿಲ್ಲಿ, ಎಷ್ಟು ಗೇಣು ಹೇಳು" ಅಂದೆ. ಅವಳು ಹೇಳುತ್ತಾ ಹೋದಳು, ನಾನು ನನ್ನ ಗೇಣಲ್ಲಿ ಅಳೆದು ಕತ್ತರಿಸುತ್ತಾ ಹೋದೆ. ಬೆನ್ನಾಯಿತು, ಎದೆಯ ಎರಡು ಭಾಗವಾಯಿತು, ಬಲತೋಳಾಯಿತು. ಎಡತೋಳಿಗೆ ಬಟ್ಟೆ ಇಲ್ಲ.

ಅವ್ವ ಬಂದು ಬೆನ್ನಿನ ತುಂಡು ಎತ್ತಿ ನೋಡಿದಳು. "ಯಾರ ಗೇಣಿದು?"

ನಾನು ಕತ್ತರಿ ಕೆಳಗಿಟ್ಟೆ.

"ಲೇ, ಅಂಗಿ ಯಾರಿಗೋ? ಕೂಸಿಗೋ, ಟ್ರ್ಯಾಕ್ಟರಿಗೋ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಎಡತೋಳು ನೆನಪಾಗಿ ಅತ್ತಳು.

"ಅಳ್ಬ್ಯಾಡ. ನಿಮ್ಮಪ್ಪ ಜಾಸ್ತಿ ಕತ್ತರ್ಸಿರೋದೆಲ್ಲ ಇಲ್ಲೇ ಐತಲ್ಲ." ಅವ್ವ ಪ್ರತಿ ತುಂಡನ್ನೂ ಮಗಳ ಗೇಣಿಗೆ ಇಳಿಸಿ ಕತ್ತರಿಸಿದಳು. ಹಾಗೆ ಉಳಿದ ಉದ್ದುದ್ದ ಚೂರುಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿಯಲು ಮಗಳಿಗೆ ಕಲಿಸಿದಳು. ವಾರವಿಡೀ ಸಂಜೆ ಅದೇ ಕೆಲಸ. ಹೊಲಿಗೆ ಸೊಟ್ಟಗಾದರೆ ಅವ್ವ ಬಿಚ್ಚಿ ಕೊಡುವಳು. ಮೂರು ಸಲ ಬಿಚ್ಚಿದ ಮೇಲೆ ಎಡತೋಳು ತಯಾರಾಯಿತು. ಐದು ಚೂರು, ನಾಲ್ಕು ಹೊಲಿಗೆ. ಎಳೆದು ನೋಡಿದೆ. ನನ್ನ ಸೀಟಿನ ಹೊಲಿಗೆಗೇನೂ ಕಮ್ಮಿ ಇರಲಿಲ್ಲ.

ಮೆರವಣಿಗೆ ದಿನ ನಾವು ಮೂವರೂ ಹೋದೆವು. ಶಾಲೆ ಅಂಗಳದ ತುಂಬ ವೆಲ್ವೆಟ್ಟು. ಮೆರವಣಿಗೆ ನೋಡಿಕೊಳ್ಳುತ್ತಿದ್ದ ಟೀಚರ್ ಮೇಡಂ ನನ್ನ ಮಗಳನ್ನು ನೋಡಿ ನನ್ನ ಕಡೆ ತಿರುಗಿದರು.

"ಏನ್ರಿ ಯಜಮಾನ್ರೇ ಇದು, ತೋಳಿಗೆ ತೇಪೆ? ಫೋಟೊ ಕಳಿಸಿದ್ವಲ್ಲ. ಇದು ಇತಿಹಾಸದ ಕಾರ್ಯಕ್ರಮ, ನಿಮಗೆ ಗೊತ್ತಾಗಲ್ಲ. ನಮ್ಮ ಹತ್ರ ಒಂದು ಅಂಗಿ ಜಾಸ್ತಿ ಇದೆ, ಅದನ್ನ ಹಾಕ್ಲಿ. ಇಲ್ಲಾಂದ್ರೆ ಮೊದಲನೇ ಸಾಲಲ್ಲಿ ಬೇಡ, ಕೊನೇಲಿ ನಿಲ್ಲಿಸ್ತೀನಿ."

ಶಾಲೆಯವರು ಮಾತಾಡಿದರೆ ನನ್ನ ತಲೆ ಇವತ್ತಿಗೂ ತಾನಾಗಿ ತಗ್ಗುತ್ತದೆ. ತೇಪೆ ಬಿದ್ದದ್ದು ನನ್ನಿಂದ. ನನ್ನ ತಪ್ಪಿಗೆ ಮಗಳು ಯಾಕೆ ಹಿಂದೆ ಹೋಗಬೇಕು? "ಹಾಕ್ಸಿ ಮೇಡಂ" ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಗಳೇ ಅಂದಳು:

"ಮಿಸ್, ಕಾವಲುಗಾರ್ರು ಬಂಡೆ ಮೇಲೆ, ಮುಳ್ಳಾಗೆ ಓಡಾಡೋರು. ಅಂಗಿ ಹರೀತಿರಲಿಲ್ವಾ? ಯಾರು ಹೊಲ್ಕೊಡ್ತಿದ್ರು?"

ಮೇಡಂ ಗಡಿಯಾರ ನೋಡಿದರು. "ಬೇಗ ಹೇಳ್ರಿ, ಟೈಮಾಯ್ತು."

ಮಗಳು ನನ್ನನ್ನು ನೋಡುತ್ತಿದ್ದಳು. ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿರಲಿಲ್ಲ. ನಾನೇ ಆ ಜಾಗದಲ್ಲಿದ್ದಿದ್ದರೆ ಬಚ್ಚಿಡುತ್ತಿದ್ದೆ.

"ಕೊನೇ ಸಾಲೇ ಇರ್ಲಿ ಮೇಡಂ" ಅಂದೆ. "ಅಂಗಿ ಬದಲಾಯ್ಸಲ್ಲ. ಇತಿಹಾಸ ನನಗೆ ಗೊತ್ತಿಲ್ಲ, ಹೊಲಿಗೆ ಗೊತ್ತು. ಇಲ್ಲಿರೋ ಅಷ್ಟೂ ಅಂಗೀಲಿ ಹಾಕ್ಕೊಂಡೋರೇ ಹೊಲಿದದ್ದು ಇದೊಂದೇ."

ಅವ್ವ ಕಟ್ಟೆ ಮೇಲೆ ಕೂತಲ್ಲಿಂದಲೇ ಅಂದಳು, "ಹಿಂದ್ಗಡೇನೂ ಒಬ್ರು ಕಾವ್ಲು ಬೇಕಲ್ಲ, ಬಿಡ್ರಿ."

ಮೆರವಣಿಗೆ ಹೊರಟಿತು. ರಾಜರು, ಮಂತ್ರಿಗಳು, ಜರಿ, ಎಲ್ಲ ಮುಂದೆ ಹೋದವು. ಎಲ್ಲರಿಗಿಂತ ಹಿಂದೆ ನನ್ನ ಮಗಳು. ಈಟಿಯನ್ನು ಬಲಗೈಲಿ ಹಿಡಿಯಬೇಕು ಅಂತ ತಿಂಗಳಿಂದ ಅಭ್ಯಾಸ ಮಾಡಿಸಿದ್ದರು. ಗೇಟಿನ ಹತ್ತಿರ ಜನ ಗುಂಪಾಗಿ ನಿಂತಿದ್ದ ಕಡೆ ಬಂದಾಗ ಅವಳು ಈಟಿಯನ್ನು ಎಡಗೈಗೆ ಬದಲಾಯಿಸಿಕೊಂಡಳು. ಐದು ಚೂರಿನ ಆ ತೋಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಮೇಡಂ ಪಕ್ಕದಿಂದ ಬಲಗೈ, ಬಲಗೈ ಅಂತ ಸನ್ನೆ ಮಾಡುತ್ತಲೇ ಇದ್ದರು. ಅವಳು ನೇರ ಮುಂದೆ ನೋಡಿಕೊಂಡು ರಸ್ತೆಗೆ ಇಳಿದಳು.