ಕಣ್ಣಿಗೊಂದು, ಕೈಗೊಂದು: ಸಂತಪುರದ ಕರಿಹಲಗೆ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಸಂತಪುರದಲ್ಲಿ ಎರಡು ಕೋಣೆಯ ಕನ್ನಡ ಶಾಲೆ ಎದ್ದಿತು. ಮರದ ಹಲಗೆ ಬರುವುದು ತಡವಾಗುತ್ತದೆಂದು, ಗೋಡೆಗೇ ಮಸಿ ಬೆರೆಸಿದ ಗಾರೆ ಬಳಿದು ಕರಿಹಲಗೆ ಮಾಡಲು ನಿರ್ಧರಿಸಿದರು. ಕೆಲಸ ವಹಿಸಿಕೊಂಡವರು ಭಾಲ್ಕಿಯ ಗಾರೆಕೆಲಸದ ಗೌಂಡಿ ನರಸಿಂಗ. ಅವರ ಕೈಕೆಳಗೆ ಸುಣ್ಣ ಅರೆಯುತ್ತಿದ್ದವರು ಸಂತಪುರದವರೇ ಆದ ಅಂಜನಾಬಾಯಿ.

ಹೆಂಗಸರು ಸುಣ್ಣ ಅರೆಯಬಹುದು, ಹೊರಬಹುದು, ಗಾರೆ ಬಳಿಯುವ ಕರಣೆ ಹಿಡಿಯುವಂತಿಲ್ಲ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿರಲೂ ಇಲ್ಲ. ಇಪ್ಪತ್ತು ವರ್ಷ ಗಾರೆ ಅರೆದಿದ್ದ ಅಂಜನಾಬಾಯಿಗೆ ಬೇಕಿದ್ದದ್ದು ಆ ಕರಣೆ, ಗೌಂಡಿ ಎಂಬ ಹೆಸರು.

ನರಸಿಂಗ ಮೊದಲ ಕೋಣೆಯ ಗೋಡೆಯನ್ನು ಹವೇಲಿಯ ಗೋಡೆಯಂತೆ ನುಣುಪು ಕಲ್ಲಿನಿಂದ ಮೂರು ದಿನ ತಿಕ್ಕಿದರು. ಅದು ಕನ್ನಡಿಯಂತೆ ಹೊಳೆಯಿತು. ಬೀದರಿನಿಂದ ಬಂದ ಓವರ್‌ಸಿಯರ್ ಬಾಗಿಲಲ್ಲೇ ನಿಂತು "ಭೇಷ್" ಎಂದರು. ಮಾಸ್ತರ ಮನ್ಮಥಪ್ಪ ಬರೆಯಲು ಹೋದರೆ ಸೀಮೆಸುಣ್ಣ ಜಾರಿತು. ಒತ್ತಿದರೆ ಮುರಿಯಿತು. ಮೂಡಿದ ಒಂದೆರಡು ಗೆರೆಯೂ ಆ ಹೊಳಪಿನಲ್ಲಿ ಕಾಣಲಿಲ್ಲ.

"ಖಡೂನೇ ಖರಾಬ ಅದರಿ," ಎಂದರು ನರಸಿಂಗ, ಮುರಿದ ಸೀಮೆಸುಣ್ಣ ಎತ್ತಿ ತೋರಿಸಿ.

"ಖಡು ಅಲ್ರಿ ಉಸ್ತಾದ. ನೀವು ಕಣ್ಣಿಗಿ ಗ್ವಾಡಿ ಮಾಡೀರಿ, ಕೈಗಿ ಮಾಡಿಲ್ರಿ," ಎಂದರು ಅಂಜನಾಬಾಯಿ. ಎರಡನೆಯ ಕೋಣೆಯತ್ತ ಕೈ ತೋರಿಸಿದರು. "ಆ ಖೋಲಿ ಗ್ವಾಡಿ ನನಗ ಕೊಡ್ರಿ. ಖಡು ಜಾರಿದ್ರ ಕೆರೆದು ಹಾಕ್ತೇನಿ, ಮತ್ತ ಕರಣಿ ಹೆಸರು ಎತ್ತಂಗಿಲ್ಲ."

ನರಸಿಂಗ ನಕ್ಕರು. ಮನ್ಮಥಪ್ಪ ನಗಲಿಲ್ಲ. "ಕೊಡ್ರಿ ಸಾಹೇಬ್ರ. ಸಾಲಿ ಶುರು ಆಗ್ಲಾಕ ಹತ್ತ ದಿನ ಅದ. ಬರೀಲಾಕ ನನಗ ಒಂದರ ಗ್ವಾಡಿ ಬೇಕು." ಓವರ್‌ಸಿಯರ್ ಒಪ್ಪಿದರು.

ಅಂಜನಾಬಾಯಿ ಉಸುಕನ್ನು ಧೋತರದ ಬಟ್ಟೆಯಲ್ಲಿ ಸೋಸಿ ಗಾರೆಗೆ ಬೆರೆಸಿದರು. ಬೆಳಗಿನ ಬಿಸಿಲು ಬಾಗಿಲಿನಿಂದ ಓರೆಯಾಗಿ ಬೀಳುವಾಗ ಗೋಡೆಗೆ ಕೆನ್ನೆ ತಾಗಿಸಿ ನೋಡಿದರು. ಎದುರಿಗೆ ನಿಂತರೆ ಸಪಾಟಾಗಿದ್ದ ಗೋಡೆ, ಹಾಗೆ ನೋಡಿದಾಗ ತನ್ನ ಉಬ್ಬುಗಳನ್ನೆಲ್ಲ ನೆರಳಾಗಿ ತೋರಿಸಿತು. ಅವನ್ನು ಕರಣೆಯಿಂದ ಒತ್ತಿದರು. ಆಮೇಲೆ ಕಣ್ಣು ಮುಚ್ಚಿ, ಅಂಗೈಗೂ ಗೋಡೆಗೂ ನಡುವೆ ಸೆರಗಿನ ತುದಿ ಇಟ್ಟು ಮೆಲ್ಲಗೆ ಸರಿಸಿದರು.

"ಯಾಕ, ಗ್ವಾಡಿಗಿ ಸೆರಗ ಹೊಚ್ಚಲಾಕತ್ತೀಯೇನು?" ಎಂದರು ನರಸಿಂಗ.

"ಗ್ವಾಡಿಗಿ ನಾಚಿಕಿ ಇಲ್ರಿ ಉಸ್ತಾದ. ಬರೀ ಕೈ ತಡೀತದ, ಅರಬಿ ಇದ್ರ ಜಾರ್ತದ. ಜಾರೋ ಕೈಗೇ ತಗ್ಗು ತಿಳೀತದ."

ಕಣ್ಣಿಗೆ ತಪ್ಪಿದ ತಗ್ಗುಗಳನ್ನು ಅಂಗೈ ಹಿಡಿಯಿತು. ಕೊನೆಗೆ ಕಣಕಣದ ಒರಟನ್ನು ಬರಿಬೆರಳಿನಿಂದ ನೋಡಿದರು.

ಎಂಟನೆಯ ದಿನ ಗೋಡೆ ಆರಿತು. ನಡುವೆ ಅಂಗೈಯಗಲದ ಒಂದು ಜಾಗ ಮಾತ್ರ ಉಳಿದದ್ದಕ್ಕಿಂತ ಕಪ್ಪಾಗಿ, ತರಿತರಿಯಾಗಿ ಕಂಡಿತು.

"ಅಲ್ಲಿ ಕಲ್ಲು ಹಾಕಿ ತಿಕ್ಕು," ಎಂದರು ನರಸಿಂಗ. ಓವರ್‌ಸಿಯರ್ ಕೂಡ ತಲೆಯಾಡಿಸಿದರು.

ಅಂಜನಾಬಾಯಿ ಆ ಜಾಗಕ್ಕೆ ಬೆರಳಿಟ್ಟರು, ಪಕ್ಕಕ್ಕೆ ಇಟ್ಟರು, ಮತ್ತೆ ಅಲ್ಲಿಗೇ ಬಂದರು. ಮಸಿ ಹೆಚ್ಚು ಬಿದ್ದಿತ್ತು. ಉಸುಕು ಎರಡೂ ಕಡೆ ಒಂದೇ. ತಿಕ್ಕಿದರೆ ಹೊಳೆಯುತ್ತದೆ, ಹೊಳೆದರೆ ಜಾರುತ್ತದೆ.

"ತಿಕ್ಕಂಗಿಲ್ರಿ. ಮಾಸ್ತರ್ರ, ಅಲ್ಲೇ ಬರೀರಿ."

ಮನ್ಮಥಪ್ಪ ಅಲ್ಲಿಯೇ ಬರೆದರು: ಮೈಸೂರು ರಾಜ್ಯ. ಸೀಮೆಸುಣ್ಣ ಸರಸರ ಓಡಿತು. ಅಕ್ಷರಗಳು ತುಂಬಿಕೊಂಡು ನಿಂತವು. ಓವರ್‌ಸಿಯರ್ ಹಿಂದಿನ ಗೋಡೆಯವರೆಗೆ ಹೋಗಿ ಗಟ್ಟಿಯಾಗಿ ಓದಿದರು. ನರಸಿಂಗ ಮುಂದೆ ಬಂದು, ಕಣ್ಣು ಮುಚ್ಚಿ, ಆ ಜಾಗವನ್ನು ಎರಡು ಸಲ ಸವರಿದರು.

"ಕಣ್ಣು ಸುಳ್ಳು ಹೇಳ್ತು ನೋಡು."

"ಸುಳ್ಳಲ್ರಿ. ಅದು ಬಣ್ಣ ಹೇಳ್ತು, ಕೈ ಉಸುಕು ಹೇಳ್ತು. ಇಬ್ಬರಿಗೂ ಕೇಳಬೇಕ್ರಿ."

ಮರುದಿನ ಮೊದಲ ಕೋಣೆಯ ಹೊಳಪನ್ನೂ ಅಂಜನಾಬಾಯಿಯೇ ಕೆರೆದು ಹೊಸ ಗಾರೆ ಹಚ್ಚಿದರು. ಗಾರೆ ಕಲಸಿಕೊಟ್ಟವರು ನರಸಿಂಗ. ಮುಂದಿನ ಕೆಲಸವಾದ ಠಾಣಾ ಕುಶನೂರ ಶಾಲೆಯ ಕಾಗದದಲ್ಲಿ ಓವರ್‌ಸಿಯರ್ 'ಗೌಂಡಿ: ಅಂಜನಾಬಾಯಿ' ಎಂದು ಬರೆದರು. ಓದು ಬಾರದ ಅಂಜನಾಬಾಯಿ ಅದನ್ನು ಮನ್ಮಥಪ್ಪನವರಿಂದ ಎರಡು ಸಲ ಓದಿಸಿ ಕೇಳಿದರು.

ನಾಲ್ಕು ವರ್ಷಗಳಲ್ಲಿ ಔರಾದ, ಭಾಲ್ಕಿ ಕಡೆಯ ಹದಿನೇಳು ಶಾಲೆಗಳ ಕರಿಹಲಗೆಗಳು ಅವರ ಕೈಯಲ್ಲಾದವು. ಹಲಬರ್ಗಾದ ಶಾಲೆಗೆ ಹೋಗುವ ಹೊತ್ತಿಗೆ ಅವರ ಜೊತೆ ಇನ್ನೂ ಮೂವರು ಹೆಂಗಸರಿದ್ದರು. ಮೂವರ ಕೈಯಲ್ಲೂ ಕರಣೆ ಇತ್ತು.