ಮನೆಯವರ ಬಟ್ಟೆ

ಅವಳ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ನಿಂತಾಗಲೂ ಬಲಗಾಲಿನ ಹೆಬ್ಬೆರಳು ಚಪ್ಪಲಿಯಿಂದ ಹೊರಗೆ ಬಂದು, ಕಟ್ಟಿಹಾಕಿದ ಆಡಿನ ಹಾಗೆ ನೆಲ ಕೆರೆಯುತ್ತಿತ್ತು. ಗೋವೆಯ ನಮ್ಮ ಮೋತಿ ಡೊಂಗರ ಗುಡ್ಡದ ಜನ ಮಾಟ ಎಂದರು, ಹುಚ್ಚು ಎಂದರು. ನಡೆದದ್ದು ಇಷ್ಟೇ: ಮೊಮ್ಮಗಳನ್ನು ನೋಡಿಕೊಳ್ಳಲು ಬಂದ ಆ ನೇಪಾಳದ ಹೆಂಗಸಿಗೂ ನನ್ನ ಮಗಳಿಗೂ ಪ್ರೀತಿಯಾಯಿತು. ಗಂಡಿಗೂ ಹೆಣ್ಣಿಗೂ ಆಗುತ್ತದಲ್ಲ, ಅದೇ.

ಕೂಸು ಹೊಟ್ಟೆಯಲ್ಲಿರುವಾಗಲೇ ಅಳಿಯ ಬಿಟ್ಟುಹೋಗಿದ್ದ. ಮಗಳಿಗೆ ಮಡಗಾಂವಿನ ಔಷಧದ ಅಂಗಡಿಯಲ್ಲಿ ಕೆಲಸ. ನಾನು ಮಾರ್ಕೆಟ್ಟಿನಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದೆ. ಕೂಸಿನ ಹತ್ತಿರ ಯಾರಾದರೂ ಬೇಕಿತ್ತು. ಅವಳು ಬಂದಳು. ಕೂಸನ್ನು ಶಾಲಿನಲ್ಲಿ ಬೆನ್ನಿಗೆ ಬಿಗಿದುಕೊಂಡು ಗುಡ್ಡದ ಮೆಟ್ಟಿಲು ಹತ್ತುವಳು, ಇಳಿಯುವಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು.

“ಒಂದ ಕಡೆ ಕೂಡಬೇ, ನನ್ನ ತಲಿ ತಿರಗಾಕತ್ತೈತಿ” ಎಂದು ಬೈದರೆ ನಗುವಳು, ನಮ್ಮಿಂದಲೇ ಕಲಿತ ಮಾತಿನಲ್ಲಿ ಹೇಳುವಳು: “ಕೂತ್ರ ಊರ ನೆನಪ ಬರ್ತೈತಿ, ಆಮಾ.”

ಅವರ ಕಡೆ ತಾಯಿಗೆ ಆಮಾ ಎನ್ನುತ್ತಾರಂತೆ. ಹಾಗೆ ಕರೆ ಎಂದು ನಾನೇನೂ ಹೇಳಿರಲಿಲ್ಲ. ಈಗ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಅವಳೇ. ಅದೂ ಗಡಿಬಿಡಿಯಲ್ಲಿ, ರೈಲು ತಪ್ಪುತ್ತದೇನೋ ಎಂಬಂತೆ.

ಮಗಳು ಸಂಜೆ ಬಂದು ಹೊಸ್ತಿಲ ಮೇಲೆ ಕೂತರೆ ಮಾತ್ರ ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು. ಆಗ ಆ ಹೆಬ್ಬೆರಳು ಸುಮ್ಮನಾಗುತ್ತಿತ್ತು. ನನಗೆ ತಿಳಿದದ್ದು ಅದರಿಂದಲೇ. ತಿಳಿದ ಮೇಲೆ ಓಡಾಡುವ ಸರದಿ ನನ್ನದಾಯಿತು. ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬರುವೆ. ಅಷ್ಟರಲ್ಲಿ ಹಂಚಿನ ಮೇಲಿನದು ಸೀದುಹೋಗಿರುವುದು.

ಮಳೆಗಾಲಕ್ಕೆ ಮೊದಲು ಕೂಸಿಗೆ ಹೊದೆಯಲೊಂದು ಕೌದಿ ಹೊಲಿಯಲು ಶುರು ಮಾಡಿದೆ. ನಮ್ಮಲ್ಲಿ ಕೌದಿಗೆ ಮನೆಯವರು ಉಟ್ಟು ಹಳೆಯದಾದ ಬಟ್ಟೆಯನ್ನೇ ಹಾಕುತ್ತೇವೆ, ಹೊರಗಿನವರ ಚಿಂದಿ ಸೇರಿಸುವುದಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ. ತನ್ನ ಹರಿದ ನೀಲಿ ಕುರ್ತಾ ತಂದು ನನ್ನ ಬಟ್ಟೆಗಂಟಿನ ಮೇಲೆ ಇಟ್ಟಳು.

“ಇದಕ್ಕ ಮನಿಯವರ ಅರಿವಿ ಅಷ್ಟ ಹಾಕೂದು” ಎಂದು ತೆಗೆದುಕೊಟ್ಟೆ. ಅವಳು ಅದನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ನೋಡುತ್ತಿದ್ದ ಮಗಳು ಅವತ್ತು ಊಟ ಬಿಟ್ಟಳು.

ಸುದ್ದಿ ಫೋಂಡಾದಲ್ಲಿ ಗೌಂಡಿ ಕೆಲಸ ಮಾಡುವ ನನ್ನ ತಮ್ಮನಿಗೆ ಮುಟ್ಟಿತು. ಬಂದವನು ಚಹಾ ಕುಡಿಯುತ್ತ, ಅವಳೆದುರಿಗೇ ಹೇಳಿದ: “ಅಕ್ಕಾ, ಈಕಿನ್ನ ಹೊರಗ ಹಾಕು. ಇಲ್ಲಂದ್ರ ನಾಳೆ ಬಂದು ಕೂಸನ್ನ ಅದರಪ್ಪನ ಮನಿಗೆ ಒಯ್ತೇನಿ.” ಅವಳು ಹೋದರೆ ತಾನೂ ಕೂಸನ್ನು ಎತ್ತಿಕೊಂಡು ಅವಳ ಹಿಂದೆಯೇ ಹೊರಡುವುದಾಗಿ ಮಗಳು ಹೇಳಿದಳು. ಹೇಗೆ ನೋಡಿದರೂ ನನ್ನ ಮನೆ ಖಾಲಿ. ತಮ್ಮನ ಕಪ್ಪು ತೊಳೆದಿಟ್ಟೆ. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದೆ.

ಮರುದಿನ ಬೆಳಿಗ್ಗೆ ಮಗಳು ನೀರಿಗೆ ಹೋದಾಗ ಅವಳು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಹೆಬ್ಬೆರಳು ನೆಲ ಕೆರೆಯುತ್ತಿತ್ತು.

“ಜಗಳಾ ಬ್ಯಾಡ ಆಮಾ, ನಾ ಹೋಗ್ತೀನಿ. ಕೂಸಿಗೆ ಬಾಳೆಹಣ್ಣ ಕೊಡಬ್ಯಾಡ್ರಿ, ನೆಗಡಿ ಐತಿ.”

ನಾನು ಚೀಲ ಕಸಿದುಕೊಂಡೆ. ನೀಲಿ ಕುರ್ತಾ ಹೊರಗೆ ತೆಗೆದು, ಎರಡೂ ತೋಳು ಕತ್ತರಿಸಿ, ಬೆನ್ನಿನ ಭಾಗ ಚೌಕವಾಗಿ ಮಾಡಿದೆ. ಅರ್ಧ ಹೊಲಿದ ಕೌದಿಯನ್ನು ಹೊಸ್ತಿಲ ತನಕ ಹಾಸಿ ನಡುವಿನ ಹೊಲಿಗೆ ಬಿಚ್ಚಿದೆ.

“ಸೂಜಿ ಪೋಣಸು. ನನಗ ಕಾಣಂಗಿಲ್ಲ.”

ಅವಳು ಕೂತಳು.

ತಮ್ಮ ಬಂದು ಬಾಗಿಲಲ್ಲಿ ನಿಂತಾಗ ನಾವಿಬ್ಬರೂ ಆಚೆ ಈಚೆ ಕೂತು ಹೊಲಿಯುತ್ತಿದ್ದೆವು. ಒಳಗೆ ಕಾಲಿಡಲು ಅವನಿಗೆ ಜಾಗವಿರಲಿಲ್ಲ. ನಾನು ತಲೆ ಎತ್ತದೆ ಹೇಳಿದೆ:

“ಅಲ್ಲೇ ನಿಂದ್ರು. ಕೌದಿ ತುಳೀಬ್ಯಾಡ.”